ಇಂಟರ್ನೆಟ್ಟಿನ ಭಾರ

ನಾನು ಸುಳ್ಳುಗಾರನಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿಯ ಎದುರು ಹೇಳಿದ ಸುಳ್ಳುಗಳನ್ನೆಲ್ಲ ಒಟ್ಟು ಹಾಕಿದರೂ ಒಂದು ಸಣ್ಣ ಡಬ್ಬಿ ತುಂಬಲಾರದು. (ತುಂಬಲು ಹೋದರೆ ಅವಳು ಮುಚ್ಚಳ ತೆಗೆದು ನೋಡುತ್ತಾಳೆ, ಅದು ಬೇರೆ ಮಾತು.) ಅಂಥ ನಾನು ಈಚೆಗೆ ಒಂದು ದೊಡ್ಡ ಸುಳ್ಳು ಹೇಳಿದೆ. ಅದರ ತೂಕ ಎರಡೂವರೆ ಕೆಜಿ. ಚಾರ್ಜರ್ ಬೇರೆ.

ನನ್ನದು ಕನ್ನಡಕದ ಅಂಗಡಿ. ಗಿರಾಕಿಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಅವರು ತಡವರಿಸಿದ ಕಡೆ ಗಾಜು ಬದಲಿಸುವುದು ಕೆಲಸ. ಇಪ್ಪತ್ತು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ಅತಿ ವೇಗವಾಗಿ ನಡೆದ ಘಟನೆಯೆಂದರೆ ಒಬ್ಬರು ಬೆಲೆ ಕೇಳಿ ಎದ್ದು ಹೋದದ್ದು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಒಂದು ತೊಟ್ಟು ರಕ್ತ ನೋಡಿ ಮನುಷ್ಯ ನಿನ್ನೆ ಏನು ತಿಂದ ಎಂದು ಹೇಳಬಲ್ಲವಳು. ನನ್ನ ವಿಷಯದಲ್ಲಿ ರಕ್ತವೂ ಬೇಡ, ಮುಖ ಸಾಕು. ಮನೆಯಲ್ಲಿ ಮೂರನೆಯವರು ನನ್ನ ಅತ್ತೆ. ನ್ಯಾಯಾಲಯದಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಆರೋಪಿ ಬಾಯಿ ತೆರೆಯುವ ಮೊದಲೇ ಅವನ ಹೇಳಿಕೆ ಇವರ ಕಾಗದದಲ್ಲಿ ಮುಗಿದಿರುತ್ತಿತ್ತು ಎಂದು ಪ್ರತೀತಿ. (ಪ್ರತೀತಿ ಹುಟ್ಟಿಸಿದವರು ಅವರೇ.)

ಮನೆಯ ಹಳೆಯ ಕಂಪ್ಯೂಟರ್ ಒಂದು ದಿನ ಹೆಂಡತಿಯ ಅರ್ಜಿಯನ್ನು ಅರ್ಧ ನುಂಗಿ ಪ್ರಾಣ ಬಿಟ್ಟಿತು. ಸಾಮಾನ್ಯ ಅರ್ಜಿಯಲ್ಲ ಅದು. ಲ್ಯಾಬಿನ ಮುಖ್ಯಸ್ಥೆಯ ಹುದ್ದೆ ಖಾಲಿಯಾಗಿತ್ತು. ಏಳು ವರ್ಷದಿಂದ ಅವಳು ಕಾಯುತ್ತಿದ್ದ ಹುದ್ದೆ. ಯಾರದೋ ಸೀಸೆಗೆ ಯಾರದೋ ಹೆಸರು ಅಂಟಿಸುವ ಒಬ್ಬ ಸಹೋದ್ಯೋಗಿಯೂ ಅದಕ್ಕೆ ಅರ್ಜಿ ಹಾಕಿದ್ದ. ಎರಡು ವಾರದಲ್ಲಿ ವೀಡಿಯೊ ಮೂಲಕ ಸಂದರ್ಶನ.

"ರೀ, ಒಂದು ಲ್ಯಾಪ್‌ಟಾಪ್ ತಗೊಳ್ಳೋಣ" ಎಂದಳು. "ಇಂಟರ್ನೆಟ್ ನೋಡೋಕೆ, ಎರಡು ಅರ್ಜಿ ಬರೆಯೋಕೆ. ಕ್ಯಾಮೆರಾ ಚೆನ್ನಾಗಿರ್ಬೇಕು, ಸದ್ದು ಮಾಡ್ಬಾರ್ದು, ಹಗುರ ಇರ್ಬೇಕು. ನೀವು ಮೊದಲು ಹೋಗಿ ವಿಚಾರಿಸ್ಕೊಂಡು ಬನ್ನಿ."

ವಿಚಾರಿಸಲು ಹೋದೆ. ಅಲ್ಲೇ ಕೆಟ್ಟದ್ದು.

ಟಿವಿ, ಫ್ರಿಜ್ಜು, ಲ್ಯಾಪ್‌ಟಾಪ್ ಎಲ್ಲ ಮಾರುವ ಅಂಗಡಿಯ ಸೇಲ್ಸ್‌ಮನ್ ನನ್ನ ಹಳೆಯ ಗಿರಾಕಿ. ಅವನ ಮೂಗಿನ ಮೇಲಿರುವ ಸೋಡಾ ಬಾಟಲಿ ತಳದಂಥ ಕನ್ನಡಕ ನಮ್ಮ ಅಂಗಡಿಯದೇ. ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲವಾದ್ದರಿಂದ ಎಲ್ಲರೂ ಅವನನ್ನು ಮಾತಿನಮಲ್ಲ ಎನ್ನುತ್ತಾರೆ. "ಕೂತ್ಕೊಳ್ಳಿ ಸಾರ್, ಸ್ಟಾಕ್ ನೋಡ್ಕೊಂಡು ಬರ್ತೀನಿ. ಅಲ್ಲಿವರೆಗೂ ಇದನ್ನ ಆಡ್ತಾ ಇರಿ" ಎಂದು ಒಂದು ಕಪ್ಪು ಯಂತ್ರದ ಮುಂದೆ ಕೂರಿಸಿ ಹೋದ.

ಪರದೆಯ ಮೇಲೆ ಒಂದು ಬೆಟ್ಟದ ರಸ್ತೆ, ಒಂದು ಕೆಂಪು ಕಾರು, ಪಕ್ಕದಲ್ಲಿ ಸಮುದ್ರ. ನಾನು ಒತ್ತಿದೆ. ಕಾರು ಹಾರಿತು. ಮೊದಲ ತಿರುವಿನಲ್ಲಿ ಕಂಬಕ್ಕೆ ಗುದ್ದಿದೆ, ಎರಡನೆಯದರಲ್ಲಿ ಹಣ್ಣಿನ ಅಂಗಡಿಗೆ ನುಗ್ಗಿದೆ, ಮೂರನೆಯದರಲ್ಲಿ ನೇರ ಸಮುದ್ರಕ್ಕೆ. ಯಾರೂ ಬೈಯಲಿಲ್ಲ! ಆ ಸುಖವನ್ನು ಹೇಗೆ ವರ್ಣಿಸಲಿ? ಬದುಕಿನಲ್ಲಿ ಮೊದಲ ಸಲ ನಾನು ತಪ್ಪು ಮಾಡಿದೆ, ಮತ್ತು ಪಕ್ಕದಲ್ಲಿ "ನಾನು ಆವಾಗ್ಲೇ ಹೇಳಿದ್ನಲ್ಲಾ" ಎನ್ನಲು ಯಾರೂ ಇರಲಿಲ್ಲ. ಮಾತಿನಮಲ್ಲ ಬಂದಾಗ ಒಂದು ಗಂಟೆ ಕಳೆದಿತ್ತು, ಹನ್ನೊಂದು ಕಾರು ಮುಳುಗಿದ್ದವು.

"ಇದು ಮನೆಗೆ ಬೇಕು" ಎಂದೆ.

"ತಗೊಳ್ಳಿ ಸಾರ್."

"ತಗೊಳ್ಳೋಕೆ ಅಡ್ಡಿ ಇದೆ. ನಾಡಿದ್ದು ಅವಳೂ ಬರ್ತಾಳೆ. ನೀವು ನನ್ನ ಗುರುತೇ ಇಲ್ಲದ ಹಾಗಿರಬೇಕು. ಇಂಟರ್ನೆಟ್ಟಿಗೆ ಇಂಥದ್ದೇ ಬೇಕು ಅಂತ ನೀವಾಗೇ ಹೇಳ್ಬೇಕು."

ಅವನು ಎದೆ ಮುಟ್ಟಿಕೊಂಡ. "ಗುರುತು ಹಿಡಿಯೋದೇ ಇಲ್ಲ ಬಿಡಿ ಸಾರ್. ಕನ್ನಡಕಾನೇ ತೆಗೆದಿಟ್ಬಿಡ್ತೀನಿ."

ತಮಾಷೆಗೆ ಹೇಳಿದನೆಂದುಕೊಂಡೆ. ನಿಜವಾಗಿಯೂ ತೆಗೆದಿಟ್ಟಿದ್ದ. ಮೂರನೆಯ ದಿನ ನಾವು ಮೂವರೂ ಒಳಗೆ ಕಾಲಿಟ್ಟಾಗ ಅವನು ಎರಡೂ ಕೈ ಚಾಚಿ ನಮ್ಮ ಪಕ್ಕದ ಕಂಬವನ್ನು ಸ್ವಾಗತಿಸಿದ. "ಬನ್ನಿ ಮೇಡಂ!" ಆಮೇಲೆ ಅತ್ತೆಯ ಕಡೆ ತಿರುಗಿ, "ನಮಸ್ಕಾರ ಸಾರ್, ನಿಮ್ಮನ್ನ ಎಲ್ಲೂ ನೋಡೇ ಇಲ್ಲ" ಎಂದ.

"ನಾನೂ ನೋಡಿಲ್ಲ" ಎಂದರು ಅತ್ತೆ. "ಆದ್ರೆ ಸಾರ್ ಅಂತೂ ಅಲ್ಲ."

ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್‌ಗಳಿದ್ದವು. ಒಂದು ಬೆಳ್ಳಗೆ, ತೆಳ್ಳಗೆ, ಸದ್ದಿಲ್ಲದೆ ಕೂತ ಸಭ್ಯಸ್ಥ. ಇನ್ನೊಂದು ನನ್ನ ಕಪ್ಪು ಪ್ರಿಯತಮೆ. ಮೈತುಂಬ ಕೆಂಪು, ನೀಲಿ ದೀಪ. ಹೆಂಡತಿ ಬಿಳಿಯದನ್ನೇ ಎತ್ತಿಕೊಂಡಳು. ನಾನು ಏನೂ ಅರಿಯದ ಕೂಸಿನ ದನಿಯಲ್ಲಿ ಕೇಳಿದೆ: "ಇದರಲ್ಲಿ ಇಂಟರ್ನೆಟ್ ಬರುತ್ತೇನಪ್ಪಾ?"

"ಬರುತ್ತೆ ಸಾರ್. ಆದ್ರೆ ಏದುಸಿರು ಬಿಟ್ಕೊಂಡು ಬರುತ್ತೆ. ಈಗಿನ ಇಂಟರ್ನೆಟ್ ಮೊದಲಿನ ಹಾಗಲ್ಲ. ತುಂಬಾ ಭಾರ."

"ಎಷ್ಟು ಭಾರ?" ಎಂದಳು ಹೆಂಡತಿ. ಲ್ಯಾಬಿನವಳು, ಅಳತೆ ಇಲ್ಲದ ಮಾತನ್ನು ಒಪ್ಪುವವಳಲ್ಲ.

"ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆ ಮೇಡಂ. ಫೋಟೋ, ವೀಡಿಯೊ, ಜಾಹೀರಾತು, ಎಲ್ಲಾ ಸೇರ್ಕೊಂಡು... ಎತ್ತೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು."

"ಆ ಕಾರ್ಡನ್ನ ಎಲ್ಲಿ ತೋರಿಸ್ಬೇಕು?" ಎಂದು ಅತ್ತೆ ಕೈಚೀಲ ತೆರೆದರು.

"ತೋರಿಸೋದಲ್ಲ ಅಮ್ಮ, ಒಳಗಿರುತ್ತೆ. ಮೇಡಂ, ಹದಿನಾರು ರ‍್ಯಾಮ್ ಇದ್ರೆ ಆರಾಮ್."

"ಎಂಟಿದ್ರೆ?"

"ಎಂಟಿದ್ರೆ ಬರೀ ರಾಮ ರಾಮಾ."

ಹೆಂಡತಿ ತನ್ನ ಫೋನು ಹೊರತೆಗೆದಳು. "ಇದರಲ್ಲೂ ಅದೇ ಇಂಟರ್ನೆಟ್ ತಾನೇ ಬರೋದು? ಇದು ನನ್ನ ಕೈಯಲ್ಲಿ ಹಿಡಿಸುತ್ತಲ್ಲ? ಭಾರ ಎಲ್ಲಿಗೆ ಹೋಯ್ತು?"

ಮಾತಿನಮಲ್ಲನ ಮಾತು ನಿಂತಿತು. ಅವನ ಜನ್ಮದಲ್ಲಿ ಅದು ಮೊದಲ ಸಲವಿರಬೇಕು. ನಾನು ಧುಮುಕಲೇಬೇಕಾಯಿತು.

"ಅದು ಚಿಲ್ಲರೆ ಇಂಟರ್ನೆಟ್ಟು ಕಣೇ. ಇದು ಸಗಟು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಗೋಡೆಯ ಮೇಲಿದ್ದ ಪ್ರಿಂಟರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. "ನನ್ನ ಕಿವಿಗೆ ಹೂವಿಡ್ಬೇಡಿ" ಎಂದು ಅವಳು ಬಿಳಿಯದನ್ನು ಮುಂದೆ ತಳ್ಳಿದಳು. "ಇದನ್ನೇ ಪ್ಯಾಕ್ ಮಾಡಿ."

ನನ್ನ ಕೆಂಪು ಕಾರು ಕಣ್ಣೆದುರೇ ಸಮುದ್ರ ಸೇರಿತು ಎಂದುಕೊಳ್ಳುವಷ್ಟರಲ್ಲಿ ಅತ್ತೆ, "ತಡಿಯೇ, ನಾನೊಂದು ಸಲ ನೋಡ್ತೀನಿ" ಎಂದು ಕುರ್ಚಿ ಎಳೆದುಕೊಂಡರು. ಬಳೆಗಳನ್ನು ಮೇಲಕ್ಕೆ ಸರಿಸಿ ಬಿಳಿಯದರ ಮೇಲೆ ಹತ್ತೂ ಬೆರಳಿಟ್ಟರು. ಎರಡು ಸಾಲು ಹೊಡೆದು ಮುಖ ಸಿಂಡರಿಸಿದರು.

"ಇದೇನು ಕೀಲಿಯೋ ಕಚಗುಳಿಯೋ? ಒತ್ತಿದ್ದು ಬೆರಳಿಗೇ ಗೊತ್ತಾಗಲ್ಲ."

ಆಮೇಲೆ ಕಪ್ಪು ಯಂತ್ರಕ್ಕೆ ಸರಿದರು. ಟಕ್. ಟಕಟಕ್. ಒಂದು ಕ್ಷಣ ಕಣ್ಣು ಮುಚ್ಚಿದರು. ಮತ್ತೆ ಶುರುವಾಯಿತು ನೋಡಿ! ಯಾವುದೋ ಹಳೆಯ ಕಳ್ಳತನದ ತೀರ್ಪನ್ನು ನೆನಪಿನಿಂದಲೇ ಬಡಿಯುತ್ತ ಹೋದರು. ಟಿವಿ ನೋಡುತ್ತಿದ್ದವರು, ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದವರು, ಎಲ್ಲ ಬಂದು ಸುತ್ತ ನೆರೆದರು. ಮೂರು ನಿಮಿಷದಲ್ಲಿ ಸಾಕ್ಷಿಗಳ ವಿಚಾರಣೆ ಮುಗಿದು ಒಬ್ಬನಿಗೆ ಎರಡು ವರ್ಷ ಶಿಕ್ಷೆಯಾಯಿತು. ಯಾರೋ ಚಪ್ಪಾಳೆ ತಟ್ಟಿದರು.

"ಇದು ಇರಲಿ" ಎಂದರು ಅತ್ತೆ.

"ಅಮ್ಮ, ಭಾರ ಕಣಮ್ಮ ಅದು."

"ಟೈಪ್‌ರೈಟರ್ ಎತ್ತಿದ ಕೈ ಇದು. ನೀನು ಹುಟ್ಟೋ ಹಿಂದಿನ ದಿನಾನೂ ಎತ್ತಿದ್ದೆ. ಸುಮ್ನಿರು."

ಕಂಪ್ಯೂಟರಿನ ಒಳಗೆ ಮದರ್‌ಬೋರ್ಡ್ ಎಂಬುದಿದ್ದು ಎಲ್ಲವನ್ನೂ ಅದೇ ನಡೆಸುತ್ತದೆ ಎಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಅದು ಕುರ್ಚಿ ಹಾಕಿಕೊಂಡು ಹೊರಗೇ ಕೂತಿತ್ತು. ಹೆಂಡತಿ ಸೋತಳು. ನನಗೆ ಹಾಲು ಕುಡಿದಷ್ಟು ಸಂತೋಷ. ಹೊರಡುವಾಗ ಮಾತಿನಮಲ್ಲ ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತನ ಕೈ ಹಿಡಿದು ಗುಟ್ಟಿನಲ್ಲಿ, "ಗೆದ್ರಿ ಸಾರ್! ಇನ್ನು ಸಮುದ್ರಕ್ಕೆ ಬೀಳ್ಬೇಡಿ" ಎಂದ. ಆತ ಬೆದರಿ ಫ್ರಿಜ್ಜು ಕೊಳ್ಳದೆಯೇ ಹೋಗಿಬಿಟ್ಟ.

ಮುಂದಿನ ಮಂಗಳವಾರ ನನ್ನ ಅಂಗಡಿಗೆ ರಜೆ. ಹೆಂಡತಿ ಲ್ಯಾಬಿನಲ್ಲಿ, ಅತ್ತೆ ಊಟವಾಗಿ ಮಲಗಿದ್ದರು. ನಾನು ಆಟವನ್ನು ಇಳಿಸಿಕೊಂಡು ಕೂತೆ. ನಾಲ್ಕನೆಯ ಸಲ ನೀರಿಗೆ ಬಿದ್ದಾಗ ಬೆನ್ನ ಹಿಂದೆ ಉಸಿರು ಕೇಳಿಸಿತು.

"ಏನು ಮಾಡ್ತಿದ್ದೀರಿ ಅಳಿಯಂದ್ರೇ?"

"ಇಂಟರ್ನೆಟ್... ಪರೀಕ್ಷೆ ಮಾಡ್ತಿದ್ದೀನಿ ಅತ್ತೆ."

ಅವರು ಸ್ವಲ್ಪ ಹೊತ್ತು ನಿಂತು ನೋಡಿದರು. "ನಿಮ್ಮ ಇಂಟರ್ನೆಟ್ಟು ಮತ್ತೆ ಕಂಬಕ್ಕೆ ಗುದ್ದಿತು" ಎಂದರು. ಆಮೇಲೆ ಶಾಂತವಾಗಿ, ತೀರ್ಪು ಓದುವ ದನಿಯಲ್ಲಿ, "ದಿನಾ ಸಂಜೆ ಎರಡು ಗಂಟೆ ಇದು ನನಗೆ, ಟೈಪ್ ಹೊಡೆಯೋಕೆ. ಅವಳಿಗೆ ಹೇಳಲ್ಲ" ಎಂದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಸಂದರ್ಶನ ಶನಿವಾರ ಹನ್ನೊಂದಕ್ಕೆ. ಹೆಂಡತಿ ಒಂಬತ್ತಕ್ಕೆ ಸ್ನಾನಕ್ಕೆ ಹೋದಳು. ಒಂದೇ ಒಂದು ರೇಸ್ ಎಂದು ಕೂತೆ. (ಒಂದೇ ಒಂದು ಎಂದು ಶುರುಮಾಡಿದ ಯಾವುದೂ ಒಂದಕ್ಕೆ ನಿಂತದ್ದನ್ನು ನೀವು ಕಂಡಿದ್ದೀರಾ?) ಬಚ್ಚಲಿನ ಚಿಲಕದ ಸದ್ದು ಕೇಳಿ ಗಾಬರಿಯಲ್ಲಿ ಆಟವನ್ನು ಪರದೆಯಿಂದ ಮರೆಮಾಡಿ ಮುಚ್ಚಳ ಮುಚ್ಚಿದೆ. ಮುಚ್ಚಳ ಮಾತ್ರ. ಆಟವನ್ನಲ್ಲ.

ಹನ್ನೊಂದಕ್ಕೆ ಅವಳು ಇಸ್ತ್ರಿಯ ಸೀರೆಯುಟ್ಟು ಊಟದ ಮೇಜಿನ ಮುಂದೆ ಕೂತಳು. ಸಾವಿರಾರು ಜನರ ತೋಳಿಗೆ ಸೂಜಿ ಚುಚ್ಚಿದ ಕೈ ಹಾಳೆಗಳನ್ನು ಮೂರು ಸಲ ಜೋಡಿಸಿ ಮುಂದಿಟ್ಟಿತು. ನಾನು ಬಾಗಿಲ ಬಳಿ ನಿಂತು ಧೈರ್ಯದ ಮುಖ ಮಾಡಿದೆ. ಪರದೆಯ ಮೇಲೆ ಮೂರು ಮುಖ ಮೂಡಿದವು. ನಡುವಿನದು ಆಸ್ಪತ್ರೆಯ ದೊಡ್ಡ ಡಾಕ್ಟರದು. ಅವರು ಕಾರಿಡಾರಿನಲ್ಲಿ ನಡೆದು ಬಂದರೆ ಜ್ವರದವರ ಜ್ವರವೂ ಇಳಿಯುತ್ತದಂತೆ.

ಎರಡು ಪ್ರಶ್ನೆ ಸುಸೂತ್ರವಾಗಿ ನಡೆದವು. ಅಷ್ಟರಲ್ಲಿ ಯಂತ್ರದ ಫ್ಯಾನು ಗೊರ್ರ್ ಎನ್ನತೊಡಗಿತು. ಅವಳ ಮುಂದಿದ್ದ ಕಾಗದಗಳು ಅಲುಗಿದವು.

"ನಿಮ್ಮ ಮನೆ ಪಕ್ಕ ವಿಮಾನ ನಿಲ್ದಾಣ ಇದೆಯೇನಮ್ಮ?" ಎಂದರು ದೊಡ್ಡ ಡಾಕ್ಟರು.

"ಇಲ್ಲ ಸರ್" ಎಂದಳು ನನ್ನ ಹೆಂಡತಿ, ಪೂರ್ಣ ಗಾಂಭೀರ್ಯದಿಂದ. "ಇಂಟರ್ನೆಟ್ ಸ್ವಲ್ಪ ಭಾರ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಸರಿ. ಹೇಳಿ, ಐದು ವರ್ಷದಲ್ಲಿ ನಮ್ಮ ಲ್ಯಾಬನ್ನ ನೀವು ಯಾವ ದಾರಿಯಲ್ಲಿ ತಗೊಂಡು ಹೋಗ್ತೀರಿ?"

ಉತ್ತರ ಬರೆದಿಟ್ಟಿದ್ದ ಹಾಳೆಗಳು ಹಾರದಿರಲೆಂದು ಅವಳು ಕೈಯಿಂದ ಒತ್ತಿದಳು. ಹಾಳೆಯ ಕೆಳಗೆ ಕೀಬೋರ್ಡು. ಮರೆಯಲ್ಲಿದ್ದ ಆಟ ಎದ್ದು ಕೂತಿತು. ಮರುಕ್ಷಣ ಎಂಜಿನ್ ಅಬ್ಬರಿಸಿತು, ಟೈರು ಕಿರುಚಿತು, ಮತ್ತು ಒಂದು ಗಡಸು ಗಂಡುದನಿ ಮನೆ ನಡುಗುವಂತೆ ಕೂಗಿತು: "ದಾರಿ ತಪ್ಪಿದೆ! ದಾರಿ ತಪ್ಪಿದೆ! ಹಿಂದಕ್ಕೆ ತಿರುಗಿ!" ಆಮೇಲೆ ಧಡಾರ್. ಆಮೇಲೆ ಬುಳಕ್.

ಮೂರು ಮುಖಗಳೂ ಕಲ್ಲಾದವು. ಅವಳು ನಿಧಾನವಾಗಿ ಬಾಗಿಲ ಕಡೆ ನೋಡಿದಳು. ಒಂದೇ ಒಂದು ನೋಟ. ರಿಪೋರ್ಟು ಬಂದಾಗಿತ್ತು.

"ಕ್ಷಮಿಸಿ ಸರ್" ಎಂದಳು ಪರದೆಯತ್ತ ತಿರುಗಿ. "ಅದು ನಮ್ಮನೆಯವರ ಕಾರಿನ ಆಟ. ಇಂಟರ್ನೆಟ್ಟಿಗೆ ಅಂತ ಹೇಳಿ ಇದನ್ನ ತಂದಿದ್ದಾರೆ ಅನ್ನೋದು ನನಗೂ ಈಗ್ಲೇ ಗೊತ್ತಾಗಿದ್ದು. ಮನೆ ವಿಷಯ ಆಮೇಲೆ ನೋಡ್ಕೋತೀನಿ. ಲ್ಯಾಬಿನ ವಿಷಯಕ್ಕೆ ಬರ್ತೀನಿ." ಮತ್ತೆ ಹತ್ತು ನಿಮಿಷ, ಹಾಳೆ ನೋಡದೆ, ಒಂದು ಮಾತೂ ತಡವರಿಸದೆ ಹೇಳಿದಳು. ಅವಳು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. (ನನ್ನೊಡನೆ ಮಾತಾಡುವಾಗ ವಿಷಯ ಬೇರೆ ಇರುತ್ತದೆ.)

ಎಲ್ಲ ಮುಗಿದು ಇನ್ನಿಬ್ಬರು ಮರೆಯಾದ ಮೇಲೆ ದೊಡ್ಡ ಡಾಕ್ಟರು ಪರದೆಯ ಹತ್ತಿರ ಬಾಗಿದರು. "ಒಂದು ಕೊನೇ ಪ್ರಶ್ನೆ. ಆ ಆಟ... ಬೆಟ್ಟದ ರಸ್ತೇದಾ?"

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮನೆಯಲ್ಲಿ ಗುಡುಗು ನಿರೀಕ್ಷಿಸಿದೆ. ಬರಲಿಲ್ಲ. ಅವಳು ಕುರ್ಚಿಯಲ್ಲೇ ಕೂತು ಕೇಳಿದಳು: "ಸುಳ್ಳು ಯಾಕೆ ಹೇಳಿದ್ರಿ? ಆಟ ಆಡ್ಬೇಕು ಅಂತ ಕೇಳಿದ್ರೆ ಬೇಡ ಅಂತಿದ್ನಾ?"

"ಅಂತಿದ್ದೆ."

"ಹೌದು, ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು."

ಐದು ದಿನ ಅವಳು ಮಾತಾಡಲಿಲ್ಲ. ಅತ್ತೆಯ ಮೂಲಕ ಲಿಖಿತ ಸಂದೇಶಗಳು ಬರುತ್ತಿದ್ದವು, ಅಚ್ಚುಕಟ್ಟಾಗಿ ಟೈಪ್ ಆಗಿ. "ಹಾಲು ತರುವುದು." "ಬಟ್ಟೆ ಒಣಗಿಸುವುದು." ಆರನೆಯ ದಿನ ಅವಳು ಲ್ಯಾಬಿನಿಂದ ಬಂದು ಚಪ್ಪಲಿಯನ್ನೂ ಬಿಡದೆ, "ಆಯ್ತು ರೀ!" ಎಂದಳು. ನಾನು ಮುಖ್ಯಸ್ಥೆಯ ಗಂಡನಾಗಿದ್ದೆ. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಆಗ ಅವಳು ಎರಡನೆಯ ಸುದ್ದಿ ಹೇಳಿದಳು.

"ದೊಡ್ಡ ಡಾಕ್ಟ್ರು ಭಾನುವಾರ ನಮ್ಮನೆಗೆ ಬರ್ತಾರಂತೆ. ಅವರ ಮನೇಲಿ ಆಟ ಆಡೋಕೆ ಅವರ ಹೆಂಡತಿ ಬಿಡಲ್ವಂತೆ. ಇಲ್ಲಿ ನಿಮ್ಮ ಜೊತೆ ಆಡ್ತಾರಂತೆ. ಮತ್ತೆ ನೋಡಿ, ನೀವು ಗೆಲ್ಲಬಾರ್ದು."

"ನಾನು ಇವತ್ತಿನವರೆಗೆ ಎಲ್ಲೂ ಗೆದ್ದಿಲ್ಲ. ಭಯಪಡ್ಬೇಡ" ಎಂದೆ.

ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ ಅದು. ಪರದೆಯನ್ನು ಎರಡು ಪಾಲು ಮಾಡಿ, ಎಡಗಡೆ ಅವರು, ಬಲಗಡೆ ನಾನು. ಆಪರೇಷನ್ನಿನಲ್ಲಿ ಕೂದಲೆಳೆಯಷ್ಟೂ ತಪ್ಪದ ಆ ಕೈಗಳು ಕಾರನ್ನು ಹಿಂದಕ್ಕೆ ಓಡಿಸುತ್ತಿದ್ದವು. ನಾನು ಬೇಕೆಂದೇ ಸಮುದ್ರಕ್ಕೆ ಬಿದ್ದರೆ ಅವರು ನನಗಿಂತ ಮೊದಲೇ ಅಲ್ಲಿರುತ್ತಿದ್ದರು. ಅಂಥವರ ಎದುರು ಸೋಲುವುದು ಒಂದು ಕಲೆ, ಒಂದು ತಪಸ್ಸು. ಕಂಬಗಳನ್ನು ಹುಡುಕಿ ಹುಡುಕಿ ಗುದ್ದಿದೆ. ಗೆಲುವಿನ ಗೆರೆಯ ಹತ್ತಿರ ಬಂದು ಗೋಡೆಗೆ ಮುಖ ಮಾಡಿ ನಿಂತು, ಅವರು ಬರುವವರೆಗೆ "ಅಯ್ಯೋ, ತಿರುಗ್ತಾನೇ ಇಲ್ವಲ್ಲ" ಎನ್ನುತ್ತ ಕಾದೆ. ಮರೆತು ಒಂದಿಷ್ಟು ಮುಂದೆ ಹೋದರೆ ಅತ್ತೆ ಕೆಮ್ಮುತ್ತಿದ್ದರು, ಮೇಜಿನ ಕೆಳಗೆ ಹೆಂಡತಿಯ ಕಾಲು ಮಾತಾಡುತ್ತಿತ್ತು.

ಮೂರು ಭಾನುವಾರ ಹೀಗೆ ಕಳೆದ ಮೇಲೆ ಡಾಕ್ಟರು ಆಟ ನಿಲ್ಲಿಸಿ ನನ್ನ ಭುಜದ ಮೇಲೆ ಕೈಯಿಟ್ಟರು.

"ನಿಮ್ಮ ಯಜಮಾನರು ಪ್ರಯತ್ನ ಏನೋ ಪಡ್ತಾರಮ್ಮ" ಎಂದರು ಹೆಂಡತಿಗೆ. "ಆದ್ರೆ ಗೋಡೆ ಮೂಗಿಗೆ ತಾಗೋವರೆಗೂ ಇವರಿಗೆ ಕಾಣೋದೇ ಇಲ್ಲ. ಕಣ್ಣು ತೋರಿಸಬೇಕು. ಏನು ಕೆಲಸ ಮಾಡ್ತಾರೆ?"

ಕನ್ನಡಕದವನಿಗೇ ಕಣ್ಣು ಕಾಣದೆಂದು ಹೆಂಡತಿ ಹೇಗೆ ಹೇಳಿಯಾಳು? "ಒಂದು... ಅಂಗಡಿ ಇದೆ ಸರ್."

"ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಪೇಟೆ ರಸ್ತೇಲಿ ನನಗೆ ಗೊತ್ತಿರೋ ಒಳ್ಳೆ ಕನ್ನಡಕದವನಿದ್ದಾನೆ."

ಪೇಟೆ ರಸ್ತೆಯಲ್ಲಿ ಕನ್ನಡಕದ ಅಂಗಡಿ ಎರಡೇ. ಒಂದು ನನ್ನದು. ಇನ್ನೊಂದು ಅದರ ಎದುರಿಗೆ. ಹನ್ನೆರಡು ವರ್ಷದಿಂದ ನಾನೂ ಅದರ ಮಾಲೀಕನೂ ಮಾತಾಡಿಲ್ಲ.

ದೊಡ್ಡ ಡಾಕ್ಟರ ಕೈ ಹಿಡಿದು ನಾನು ಒಳಗೆ ಹೋದಾಗ ಎದುರಂಗಡಿಯವನ ಮುಖದಲ್ಲಿ ಮೂಡಿದ ಆನಂದವನ್ನು ಮಗು ಹುಟ್ಟಿದ ಮನೆಯಲ್ಲಿ ಕೂಡ ನಾನು ಕಂಡಿಲ್ಲ. ತಟ್ಟೆಯಲ್ಲಿಟ್ಟ ದೀಪದ ಹಾಗೆ ನನ್ನನ್ನು ಜೋಪಾನವಾಗಿ ಕುರ್ಚಿಯ ಮೇಲೆ ಕೂರಿಸಿದ. "ಓದಿ ಸಾರ್" ಎಂದ. ಆ ಗೋಡೆಯ ಅಕ್ಷರಗಳು ನನಗೆ ನಿದ್ದೆಯಲ್ಲೂ ಬರುತ್ತವೆ. ಎಲ್ಲ ಸರಿಯಾಗಿ ಓದಿದರೆ ಕಣ್ಣು ಚೆನ್ನಾಗಿದೆ ಎಂದಾಗುತ್ತದೆ. ಚೆನ್ನಾಗಿದ್ದರೆ ಮೂರು ವಾರದಿಂದ ಬೇಕೆಂದೇ ಸೋತೆ ಎಂದಾಗುತ್ತದೆ. ಹೆಂಡತಿಯ ಮುಖ ನೆನೆದು, ದೊಡ್ಡ ಅಕ್ಷರದಿಂದಲೇ ತಪ್ಪು ಓದತೊಡಗಿದೆ.

"ಛೆ ಛೆ, ಇಷ್ಟು ಹಾಳಾಗೋವರೆಗೂ ಯಾರಿಗೂ ತೋರಿಸ್ಲಿಲ್ವಾ?" ಎಂದ ಆ ಪಾಪಿ, ತುಟಿ ಕಚ್ಚಿಕೊಂಡು. "ಡಾಕ್ಟ್ರೇ, ಗೇಮ್ ಆಡೋರಿಗೆ ಅಂತಲೇ ಹೊಸದು ಬಂದಿದೆ. ದಪ್ಪ ಗಾಜು ಹಾಕಿಕೊಡ್ತೀನಿ."

ಮುಂದಿನ ಭಾನುವಾರ ಆ ಕನ್ನಡಕ ಹಾಕಿಕೊಂಡೇ ಆಡಬೇಕಾಯಿತು. ನನಗೆ ಪರದೆಯೇ ಕಾಣಲಿಲ್ಲ, ಅದರ ಮೇಲಿನ ಕಂಬ ಎಲ್ಲಿಂದ ಕಾಣಬೇಕು? ಗುದ್ದಲು ಒಂದು ಗೋಡೆಯೂ ಸಿಗಲಿಲ್ಲ. ಕೈಗೆ ಸಿಕ್ಕ ಕೀಲಿಗಳನ್ನು ಒತ್ತಿ ಹಿಡಿದು ದೇವರ ಮೇಲೆ ಭಾರ ಹಾಕಿದೆ. ಅತ್ತೆ ಕೆಮ್ಮಿದರು, ಹೆಂಡತಿ ಒದ್ದಳು, ಪ್ರಯೋಜನವಾಗಲಿಲ್ಲ. ತುತ್ತೂರಿ ಊದಿದ ಸದ್ದು ಕೇಳಿ ಕನ್ನಡಕ ಮೇಲೆತ್ತಿ ನೋಡಿದರೆ ನಾನು ಗೆದ್ದಿದ್ದೆ.

ಹೆಂಡತಿಯ ಮುಖ ಬಿಳಿಚಿತು. ಆದರೆ ಡಾಕ್ಟರು ಕುರ್ಚಿಯಿಂದ ಹಾರಿ ಎದ್ದರು. "ನೋಡಿದ್ರಾ! ನಾನು ಹೇಳ್ಲಿಲ್ವಾ, ಕಣ್ಣಿಂದೇ ದೋಷ ಅಂತ! ಎಂಥ ಕೈಗುಣ ಆ ಕನ್ನಡಕದವನದು! ನಾಳೇನೇ ನಮ್ಮ ಆಸ್ಪತ್ರೆಯವರಿಗೆಲ್ಲ ಹೇಳ್ತೀನಿ."

ಹೇಳಿಯೂಬಿಟ್ಟರು. ನರ್ಸುಗಳು, ವಾರ್ಡಿನವರು, ಲ್ಯಾಬಿನವರು, ಅವರವರ ಮನೆಯವರು, ಎಲ್ಲರೂ ಬೆಳಗಿನಿಂದ ಎದುರಂಗಡಿಯ ಮುಂದೆ ಸಾಲು ನಿಂತಿದ್ದಾರೆ. ಸಾಲು ರಸ್ತೆ ದಾಟಿ ನನ್ನ ಬಾಗಿಲವರೆಗೂ ಬಂದಿದೆ. ಬಿಸಿಲಿಗೆ ನಿಂತವರು ನನ್ನ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ಹೋಗುತ್ತಾರೆ. ಖಾಲಿ ಅಂಗಡಿಯಲ್ಲಿ ಕೂತ ನನಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ, ಕನ್ನಡಕ ತೆಗೆದರೆ.